ಕಿಬೋಕೊಗೆ ಆಯುಧಪೂಜೆ

ಜಕರಂದಾ ಮರಗಳು ನೇರಳೆ ಹೂವು ಉದುರಿಸಲು ಶುರುಮಾಡಿದರೆ ನವರಾತ್ರಿ ಬಂತು ಎಂದು ನಾವು ನೈರೋಬಿಯಲ್ಲಿ ಲೆಕ್ಕ ಹಾಕುತ್ತಿದ್ದ ಕಾಲ ಅದು. ಮೈಸೂರಿನಿಂದ ಬರಬೇಕಾದ ಪಂಚಾಂಗ ಒಂದೊಂದು ವರ್ಷ ಯುಗಾದಿ ಕಳೆದು ಎಷ್ಟೋ ದಿನಕ್ಕೆ ಬರುತ್ತಿತ್ತು, ಒಂದೊಂದು ವರ್ಷ ಬರುತ್ತಲೇ ಇರಲಿಲ್ಲ. ಹೂವು ಮಾತ್ರ ತಪ್ಪಿಸುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ನ್ಗಾರಾ ಬಡಾವಣೆಯ ನಮ್ಮ ಮನೆಯ ಗೇಟಿನಾಚೆ ರಸ್ತೆಯೆಲ್ಲ ನೇರಳೆಯಾಗಿರುತ್ತಿತ್ತು. ಆ ಹೂಗಳನ್ನು ಬೂಟುಕಾಲಿನಲ್ಲಿ ತುಳಿದರೆ ಪಟ್ ಎಂದು ಸದ್ದಾಗುತ್ತದೆ. ಶಾಲೆಯ ವ್ಯಾನು ಬರುವವರೆಗೆ ಒಂದೂ ಬಿಡದೆ ತುಳಿಯುವುದು ನನ್ನ ಕೆಲಸ. "ಹೂವು ತುಳೀಬಾರ್ದು ಕಣೇ ಪುಟ್ಟಿ!" ಎಂದು ಮಹಡಿಯ ಬಾಲ್ಕನಿಯಿಂದ ಅಜ್ಜಿ ಕೂಗುತ್ತಿದ್ದಳು. ನಾನು ಕಿವಿ ಕೇಳಿಸದವಳ ಹಾಗೆ ತುಳಿಯುತ್ತಿದ್ದೆ.

ಅಜ್ಜಿ ಕೂಗುವುದಾದರೆ ಬಾಲ್ಕನಿಯಿಂದಲೇ ಕೂಗಬೇಕಿತ್ತು. ಅದರಾಚೆಗೆ ಅವಳಿಗೆ ನೈರೋಬಿ ಇರಲಿಲ್ಲ. ಅಪ್ಪ ತನ್ನ ಅಮ್ಮ ಒಂದಾರು ತಿಂಗಳು ನಮ್ಮ ಜೊತೆ ಇರಲೆಂದು ಹಟಮಾಡಿ ಕರೆಸಿದ್ದ. ವಿಮಾನದಲ್ಲಿ ಕಲ್ಲಿನ ಹಾಗೆ ಕೂತು ಬಂದ ಅಜ್ಜಿ, ಏರ್‌ಪೋರ್ಟಿನಿಂದ ಮನೆಗೆ ಬರುವಾಗ ಮೊಂಬಾಸಾ ರಸ್ತೆಯುದ್ದಕ್ಕೂ ವಾಂತಿ ಮಾಡಿಕೊಂಡಳು. ಮನೆ ತಲುಪಿದಾಗ ಅವಳನ್ನು ಇಬ್ಬರು ಹಿಡಿದು ಮೆಟ್ಟಿಲು ಹತ್ತಿಸಿದರು. ಮತ್ತೊಂದು ಸಲ ಸೌತ್ ಸಿ ಬಡಾವಣೆಯಲ್ಲಿ ಕನ್ನಡದವರೊಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟು, ಅರ್ಧ ದಾರಿಯಿಂದ ವಾಪಸು ಬಂದೆವು. ಬಾಯಲ್ಲಿ ಶುಂಠಿ, ಮೂಗಿಗೆ ನಿಂಬೆಹಣ್ಣು, ಹೊಟ್ಟೆಗೆ ಮಾತ್ರೆ, ಯಾವುದೂ ನಾಟಲಿಲ್ಲ. "ನನ್ನನ್ನ ಕಾರಿಗೆ ಕರೀಬೇಡ್ರಪ್ಪಾ, ನಿಮಗೆ ಪುಣ್ಯ ಬರತ್ತೆ" ಎಂದು ಅಜ್ಜಿ ಕೈಮುಗಿದಳು. ಅಲ್ಲಿಗೆ ಮುಗಿಯಿತು. ಬಾಲ್ಕನಿಯ ಬೆತ್ತದ ಕುರ್ಚಿ, ಜಪಸರ, ಬಿಡಿಸಬೇಕಾದ ಅವರೆಕಾಯಿ.

ಶಾಲೆಯಲ್ಲಿ ನನಗೆ ಇದೊಂದು ಅವಮಾನ. ನಿನ್ನ ಅಜ್ಜಿ ಸಿಂಹ ನೋಡಿದಳಾ, ಜಿರಾಫೆ ನೋಡಿದಳಾ ಎಂದು ಎಲ್ಲರೂ ಕೇಳುವವರೇ. ನಮ್ಮ ಅಜ್ಜಿ ಆಫ್ರಿಕಾಕ್ಕೆ ಬಂದು ನೋಡಿದ್ದು ಎದುರುಮನೆಯ ನೀರಿನ ಟ್ಯಾಂಕು ಎಂದು ಹೇಗೆ ಹೇಳುವುದು? ಇದಕ್ಕಿಂತ ಹೆಚ್ಚಾಗಿ ಅವಳು ದೀಪಾವಳಿ ಆದ ತಕ್ಷಣ ಹೊರಡುವವಳಿದ್ದಳು. ಈ ಊರನ್ನು ಏನೂ ನೋಡದೆ ಹೋಗಿಬಿಡುತ್ತಾಳಲ್ಲ ಎಂದು ನನಗೆ ಒಳಗೊಳಗೇ ಸಂಕಟವಾಗುತ್ತಿತ್ತು.

ಈಗ ಕೆಳಗಿನ ಶೆಡ್ಡಿನ ವಿಷಯಕ್ಕೆ ಬರುತ್ತೇನೆ.

ಅಪ್ಪನಿಗೆ ಟೆಲಿಫೋನ್ ಕಂಪನಿಯೊಂದರಲ್ಲಿ ಕೆಲಸ. ಅವನ ಜೊತೆ ಬೆಂಗಳೂರಿನಿಂದ ಬಂದವರೆಲ್ಲ ಸೌತ್ ಸಿಯಲ್ಲಿ ಮನೆ ಮಾಡಿದರೆ, ಅಪ್ಪ ಮಾತ್ರ ನ್ಗಾರಾದಲ್ಲಿ ಒಬ್ಬ ಗುಜರಾತಿ ಮುದುಕರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದ. ಕೆಳಗಿಳಿದರೆ ಕರಿಬೇವು, ನುಗ್ಗೆಕಾಯಿ, ಬೆಂಡೆಕಾಯಿ ಸಿಗುತ್ತದೆ ಎಂಬುದು ಅವನು ಅಮ್ಮನಿಗೆ ಕೊಟ್ಟ ಕಾರಣ. ನಿಜವಾದ ಕಾರಣ ಆ ಮುದುಕರ ಶೆಡ್ಡಿನಲ್ಲಿದ್ದ ಕಾರು. ಮನೆ ನೋಡಲು ಹೋದವನು ಅಡುಗೆಮನೆ ನೋಡಲಿಲ್ಲ, ಬಚ್ಚಲು ನೋಡಲಿಲ್ಲ, ಶೆಡ್ಡು ನೋಡಿಕೊಂಡು ಬಂದು "ಮನೆ ಬಹಳ ಚೆನ್ನಾಗಿದೆ" ಎಂದನಂತೆ. ಅಮ್ಮ ಇದನ್ನು ಇವತ್ತಿಗೂ ಮರೆತಿಲ್ಲ.

ಮನೆಯ ಯಜಮಾನರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಹೆಂಡತಿ ತೀರಿಕೊಂಡಿದ್ದರು. ನೈರೋಬಿಯಲ್ಲೇ ಹುಟ್ಟಿ, ನೈರೋಬಿಯಲ್ಲೇ ಬೆಳೆದು, ಇಂಡಿಯಾವನ್ನು ಒಂದೇ ಸಲ ನೋಡಿ "ತುಂಬ ಜನ" ಎಂದು ವಾಪಸು ಬಂದವರು. ಅವರದು ಗುಜರಾತಿ, ಹಿಂದಿ, ಸ್ವಾಹಿಲಿ ಮೂರನ್ನೂ ಕಲಸಿದ ಮಾತು. ಅಜ್ಜಿಯದು ಅಪ್ಪಟ ಮೈಸೂರು. ಇಬ್ಬರೂ ತಂತಮ್ಮ ಭಾಷೆಯಲ್ಲೇ ಗಂಟೆಗಟ್ಟಲೆ ಹರಟುತ್ತಿದ್ದರು, ಅವರು ಅಂಗಳದಿಂದ, ಇವಳು ಬಾಲ್ಕನಿಯಿಂದ. ಕಾಕಾರ ಮಾತನ್ನು ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಆ ಕಾರಿನ ಹೆಸರು ಏರ್‌ಫ್ಲೋ. ಅಮೆರಿಕದ ಕಾರು. ಎರಡನೇ ಮಹಾಯುದ್ಧಕ್ಕೂ ಮೊದಲು ಕಾಕಾರ ತಂದೆ ಅದನ್ನು ಒಬ್ಬ ಬಿಳಿಯ ಕಾಫಿತೋಟದವನಿಂದ ಕೊಂಡಿದ್ದರು. ಹೊಸದಾಗಿ ತರಿಸಿದ ಆ ಮನುಷ್ಯ ಕ್ಲಬ್ಬಿನಲ್ಲಿ ಸ್ನೇಹಿತರೆಲ್ಲ ನಕ್ಕರೆಂದು ಮಾರಿಬಿಟ್ಟನಂತೆ. ನಗುವುದಕ್ಕೆ ಕಾರಣವಿತ್ತು. ಆಗಿನ ಕಾರುಗಳೆಂದರೆ ಮುಂದೆ ಒಂದು ಉದ್ದ ಪೆಟ್ಟಿಗೆ, ಹಿಂದೆ ಒಂದು ಎತ್ತರದ ಪೆಟ್ಟಿಗೆ, ಪಕ್ಕದಲ್ಲಿ ಕೈಕಾಲಿನ ಹಾಗೆ ಬೇರೆಬೇರೆಯಾಗಿ ಅಂಟಿಸಿದ ಮಡ್‌ಗಾರ್ಡು, ಹೊರಗೆ ಕಣ್ಣುಬಿಟ್ಟುಕೊಂಡ ದೀಪಗಳು. ಇದರಲ್ಲಿ ಮೂಲೆಯೇ ಇಲ್ಲ. ದೀಪಗಳು ಮೈಯೊಳಗೇ ಹೂತುಕೊಂಡಿದ್ದವು. ಮೂಗಿನಿಂದ ಜಾಲರಿ ಜಲಪಾತದಂತೆ ಇಳಿದಿತ್ತು. ಹಿಂಭಾಗ ನುಣ್ಣಗೆ ಇಳಿದು ಹೋಗಿತ್ತು. ನ್ಗಾರಾದ ಹುಡುಗರು ತಲೆಮಾರಿನಿಂದ ಅದಕ್ಕೆ ಕಿಬೋಕೊ ಎಂದೇ ಹೇಳುತ್ತಿದ್ದರು. ಸ್ವಾಹಿಲಿಯಲ್ಲಿ ಕಿಬೋಕೊ ಎಂದರೆ ನೀರಾನೆ; ಮೈಸೂರು ಝೂನಲ್ಲಿ ಬಾಯಿ ತೆರೆದುಕೊಂಡು ಹುಲ್ಲಿಗೆ ಕಾಯುತ್ತದಲ್ಲ, ಅದೇ.

ಆ ಕಾರು ಓಡದೆ ಯಾವುದೋ ಕಾಲವಾಗಿತ್ತು. ಮೂಗು ಒಳಗಿನ ಗೋಡೆಗೆ, ಬೆನ್ನು ಬಾಗಿಲಿಗೆ ಮಾಡಿಕೊಂಡು ನಿಂತಿತ್ತು. ಶಾಲೆಯಿಂದ ಬಂದವಳೇ ನಾನು ಅದರೊಳಗೆ ಸೇರಿಕೊಳ್ಳುತ್ತಿದ್ದೆ. ಹಳೆಯ ತೊಗಲು, ಕುದುರೆಕೂದಲು, ಇಲಿ, ಎಣ್ಣೆ ಎಲ್ಲ ಸೇರಿದ ಒಂದು ವಾಸನೆ. ಇವತ್ತಿಗೂ ಹಳೆಯ ಸೂಟ್‌ಕೇಸು ತೆರೆದರೆ ಒಮ್ಮೊಮ್ಮೆ ಸಿಗುತ್ತದೆ. ಸೀಟುಗಳ ಸುತ್ತ ಹೊಳೆಯುವ ಉಕ್ಕಿನ ಕೊಳವೆ ಬಾಗಿಸಿ ಕೂರಿಸಿದ್ದರು, ಕಾರಿನ ಸೀಟಲ್ಲ, ಯಾರದೋ ಶ್ರೀಮಂತರ ಮನೆಯ ಸೋಫಾ. ಅದರಲ್ಲಿ ಕೂತು ನಾನು ದಿನಾ ಮೈಸೂರಿಗೆ ಹೋಗಿ ಬರುತ್ತಿದ್ದೆ. ಸಮುದ್ರ ಬಂದಾಗ ಕಿಟಕಿ ಏರಿಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೆ ಮೈಸೂರಿಗೆ ಹೊರಟಿದ್ದಾಗ ಕಾಕಾ ಕಿಟಕಿಯಲ್ಲಿ ಬಗ್ಗಿ, "ಅಜ್ಜಿಯನ್ನ ಕರ್ಕೊಂಡು ಹೋಗಲ್ವಾ?" ಎಂದರು.

"ಅಜ್ಜಿಗೆ ಕಾರಲ್ಲಿ ವಾಂತಿ ಆಗತ್ತೆ."

"ಇದರಲ್ಲಿ ಆಗಲ್ಲ."

ನಾನು ನಂಬಲಿಲ್ಲ. ಕಾಕಾ ಹಿಂದಿನ ಬಾಗಿಲು ತೆರೆದು ಪಕ್ಕದಲ್ಲಿ ಕೂತರು. "ನನ್ನ ಬಾಗೂ, ಅಂದರೆ ನನ್ನ ಅಮ್ಮನಿಗೂ, ಹಾಗೇ ಆಗ್ತಿತ್ತು. ಬೇರೆ ಗಾಡಿಗಳಲ್ಲಿ ಹಿಂದಿನ ಸೀಟು ಹಿಂದಿನ ಚಕ್ರದ ಮೇಲೇ ಇರ್ತಿತ್ತು. ಚಕ್ರ ಹಾರಿದರೆ ನೀನೂ ಹಾರಬೇಕು. ಇದನ್ನ ಮಾಡಿದವರು ಇಂಜಿನ್ನನ್ನ ಮುಂದಕ್ಕೆ ತಳ್ಳಿ, ಸೀಟನ್ನ ಎರಡು ಚಕ್ರಗಳ ನಡುವೆ ತಂದು ಇಟ್ಟರು. ಉಯ್ಯಾಲೆ ಮಧ್ಯದಲ್ಲಿ ಕೂತ ಹಾಗೆ. ಮೊಂಬಾಸಾವರೆಗೆ ಕೆಂಪು ಮಣ್ಣಿನ ರಸ್ತೆ, ಬಾ ನಿದ್ದೆ ಮಾಡಿಕೊಂಡು ಹೋದಳು. ಜನ ನಗಲಿ, ಇದೇ ಇರಲಿ ಅಂತ ನನ್ನ ಅಪ್ಪ ತೊಗೊಂಡದ್ದು ಅದಕ್ಕೇ."

ನಾನು ಎದ್ದುಬಿದ್ದು ಮಹಡಿಗೆ ಓಡಿ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಇಷ್ಟು ದಿನ ಶೆಡ್ಡಿಗೆ ಹೋಗಲು ನೆವ ಬೇಕಿತ್ತು, ಈಗ ಸಿಕ್ಕಿತು. ಆ ದಿನದಿಂದ ಸಂಜೆ ಅಂದರೆ ಅಪ್ಪ, ಕಾಕಾ ಇಬ್ಬರೂ ಬಾನೆಟ್ಟಿನೊಳಗೆ. ಅಜ್ಜಿಗೆ ಹೇಳಕೂಡದು ಎಂದು ಒಪ್ಪಂದವಾಯಿತು, ಹೇಳಿದರೆ ಬರುವುದಿಲ್ಲ ಎಂದು ಕೂತುಬಿಡುತ್ತಾಳೆ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಕಾಕಾರ ಮಗ ಆ ಶೆಡ್ಡು ಕೆಡವಿ ಸಾಲಾಗಿ ಅಂಗಡಿ ಕಟ್ಟಿಸುತ್ತಾನೆ. ಕಾರನ್ನು ಮುಥೈಗಾದಲ್ಲಿ ಹಳೆಯ ಕಾರುಗಳನ್ನು ಕೂಡಿಡುವ ಒಬ್ಬ ಸಾಹೇಬರಿಗೆ ಕೊಟ್ಟಾಗಿದೆ. ವಿಜಯದಶಮಿಯ ದಿನ ಬೆಳಗ್ಗೆ ಅವರು ಬಂದು ಒಯ್ಯುತ್ತಾರೆ. ಕಾಕಾ ಇದನ್ನು ಹೇಳುವಾಗ ಮುಖವನ್ನು ಬಾನೆಟ್ಟಿನೊಳಗೇ ಇಟ್ಟುಕೊಂಡಿದ್ದರು.

ಹಾಗಾಗಿ ಉಳಿದದ್ದು ಆಯುಧಪೂಜೆಯ ಭಾನುವಾರ ಒಂದೇ. ಶನಿವಾರ ಸಂಜೆಯ ಹೊತ್ತಿಗೆ ಪೆಟ್ರೋಲು ಹರಿಯುತ್ತಿತ್ತು, ಬ್ಯಾಟರಿ ಹೊಸದು ಕೂತಿತ್ತು. ಬಾಕಿಯಿದ್ದದ್ದು ಸ್ಟಾರ್ಟರ್ ಮೋಟಾರು. ಅಪ್ಪ ಅದನ್ನು ಬಿಚ್ಚಿ ಮಹಡಿಗೆ ತಂದು ಸೀಮೆಎಣ್ಣೆಯಲ್ಲಿ ತೊಳೆದು, ಅದರ ಜೊತೆ ಸ್ಪ್ಯಾನರು, ಸ್ಕ್ರೂಡ್ರೈವರು, ಇಕ್ಕಳ ಎಲ್ಲವನ್ನೂ ತಳತಳ ಉಜ್ಜಿ ಬಾಲ್ಕನಿಯಲ್ಲಿ ಸಾಲಾಗಿ ಜೋಡಿಸಿಟ್ಟು ಮಲಗಿದ. ಬೆಳಗ್ಗೆ ಎದ್ದು ಕೂರಿಸಿದರೆ ಗಾಡಿ ಸ್ಟಾರ್ಟು, ಮಧ್ಯಾಹ್ನ ಅಜ್ಜಿಯ ಸವಾರಿ.

ಭಾನುವಾರ ನನಗೆ ಎಚ್ಚರವಾದದ್ದು ಗಸಗಸೆ ಪಾಯಸದ ವಾಸನೆಗೆ. ದೇವರಮನೆ ಎಂದು ನಾವು ಕರೆಯುತ್ತಿದ್ದ ಹಾಲಿನ ಮೂಲೆಯಲ್ಲಿ ಅಜ್ಜಿ ಆಗಲೇ ಮಣೆ ಹಾಕಿ ಪೂಜೆ ಮುಗಿಸಿದ್ದಳು. ಈಳಿಗೆಮಣೆ, ಅಮ್ಮನ ಮಿಕ್ಸಿ, ನನ್ನ ಕಂಪಾಸ್ ಪೆಟ್ಟಿಗೆ, ಅವುಗಳ ಪಕ್ಕದಲ್ಲಿ ಅಪ್ಪನ ಸ್ಪ್ಯಾನರುಗಳು ಅಳತೆಯ ಪ್ರಕಾರ ಮಲಗಿದ್ದವು. ನಡುಮಧ್ಯೆ, ಬಾಳೆಎಲೆಯ ಮೇಲೆ, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಜಕರಂದಾ ಹೂವಿನ ಹಾರ ಹಾಕಿಕೊಂಡು ಸ್ಟಾರ್ಟರ್ ಮೋಟಾರು ಕೂತಿತ್ತು.

ಅಪ್ಪ ಹಲ್ಲುಜ್ಜುತ್ತ ಬಂದವನು ಹಾಗೆಯೇ ನಿಂತುಬಿಟ್ಟ.

"ಏನೋ ಸೀನ, ಪೂಜೆಗೇಂತ ನೀನೇ ಎಲ್ಲಾ ತೊಳೆದಿಟ್ಟಿದ್ಯಲ್ಲೋ!" ಎಂದಳು ಅಜ್ಜಿ. ಅವಳ ಕಣ್ಣಲ್ಲಿ ನೀರಿತ್ತು. "ಈ ಊರಿಗೆ ಬಂದು ನೀನು ದೇವರು ದಿಂಡರು ಎಲ್ಲಾ ಬಿಟ್ಟೆ ಅಂದ್ಕೊಂಡಿದ್ದೆ. ನಿಮ್ಮಪ್ಪ ಇದ್ದಿದ್ರೆ ಎಷ್ಟು ಸಂತೋಷ ಪಡ್ತಿದ್ರೋ. ನಾಳೆ ಬೆಳಗ್ಗೆ ತನಕ ಒಂದನ್ನೂ ಮುಟ್ಟಕೂಡದು, ಗೊತ್ತಲ್ಲ?"

ಗೊತ್ತಿತ್ತು. ಆಯುಧಪೂಜೆಗೆ ಇಟ್ಟ ಸಾಮಾನಿಗೆ ಆ ದಿನ ವಿಶ್ರಾಂತಿ, ವಿಜಯದಶಮಿಯ ಬೆಳಗ್ಗೆ ಮರುಪೂಜೆ ಮಾಡಿಯೇ ಎತ್ತಬೇಕು. ಮೈಸೂರಿನ ಮನೆಯಲ್ಲಿ ಆ ದಿನ ತರಕಾರಿಯನ್ನು ಕೈಯಲ್ಲೇ ಮುರಿದು ಹುಳಿ ಮಾಡುತ್ತಿದ್ದರು. ಅಪ್ಪನ ಬಾಯಿಂದ ಪೇಸ್ಟಿನ ನೊರೆ ಇಳಿಯುತ್ತಿತ್ತು. ಅಮ್ಮ ಅಡುಗೆಮನೆಯಿಂದ ಅವನನ್ನೇ ನೋಡುತ್ತಿದ್ದಳು. ಅಪ್ಪ ಅಜ್ಜಿಯ ಮುಖ ನೋಡಿದ, ಮೋಟಾರಿನ ಮುಖ ನೋಡಿದ, "ಹೂಂ ಅಮ್ಮ, ಮುಟ್ಟಲ್ಲ" ಎಂದ.

ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಅದು ನಿನಗೋಸ್ಕರಾನೇ..." ಎಂದು ಶುರುಮಾಡಿದೆ. ಅಮ್ಮ ನನ್ನ ಬಾಯಿಗೆ ಒಂದು ಬಿಸಿ ವಡೆ ತುರುಕಿದಳು. ಅಳು ಬರುತ್ತಿದ್ದರೂ ವಡೆ ತಿಂದೆ. ಅಮ್ಮ ಮೆಲ್ಲಗೆ, "ಅಜ್ಜಿ ಎಷ್ಟು ಖುಷಿಯಾಗಿದಾರೆ ನೋಡು. ಇವತ್ತು ಬೇಡ" ಎಂದಳು. ಇವತ್ತಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ಅವಳಿಗೂ ಗೊತ್ತಿತ್ತು.

ಅಪ್ಪ ಕೆಳಗೆ ಹೋಗಿ ಕಾಕಾರಿಗೆ ಹೇಳಿದ. ಕಾಕಾರ ಮಗ ಬೇಕಾದರೆ ಬೇರೆ ಕಡೆಯಿಂದ ಸ್ಪ್ಯಾನರು ತರುತ್ತಾನೆ, ಆದರೆ ಮೋಟಾರು? ಅದಂತೂ ಮಣೆಯ ಮೇಲಿದೆ. ಕಾಕಾ ಬಹಳ ಹೊತ್ತು ತಲೆ ಕೆರೆದುಕೊಂಡರು. ಕೊನೆಗೆ, "ಬೆನ್ ಬೇಡ ಅಂದರೆ ಬೇಡ. ನಮ್ಮಲ್ಲೂ ದಸರಾ ಇದೆ" ಎಂದರು. ಬೆನ್ ಅಂದರೆ ಅಕ್ಕ. ಅಜ್ಜಿಯನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

ನಾವು ಮೂವರೂ ಸೋತು ಅಂಗಳದಲ್ಲಿ ಕೂತಿರುವಾಗ ಅಜ್ಜಿ ಶೆಡ್ಡಿಗೇ ಬಂದಳು! ಆರತಿತಟ್ಟೆ, ಹಾರ, ನಿಂಬೆಹಣ್ಣು, ಒಂದು ಕುಂಬಳಕಾಯಿ ಸಮೇತ ಒಂದೊಂದೇ ಮೆಟ್ಟಿಲು ಇಳಿದು ಬಂದು, "ಈ ಕಾಕಾನೋರ ಗಾಡಿ ನಾಳೆ ಮನೆ ಬಿಟ್ಟು ಹೋಗತ್ತಂತೆ. ಪೂಜೆ ಇಲ್ದೆ ಕಳಿಸಬಾರ್ದು" ಎಂದಳು. ಬೂದುಗುಂಬಳ ಸಿಗದೆ ಇಲ್ಲಿಯವರು ಪಲ್ಯಕ್ಕೆ ಬಳಸುವ ಕೆಂಪು ಕುಂಬಳ ತರಿಸಿದ್ದಳು. ಅದಕ್ಕೆ ಕಾಕಾರ ಅಸ್ಕಾರಿ, ಅಂದರೆ ಗೇಟಿನ ಕಾವಲಿನ ಕಮಾವು, ಸಂಜೆಗೆ ಊಟವಾಗುತ್ತದೆಂದು ಆಸೆಪಟ್ಟಿದ್ದ; ಪೂಜೆಯ ಕೊನೆಗೆ ಅಜ್ಜಿ ಅದನ್ನು ನೆಲಕ್ಕೆ ಹೊಡೆದಾಗ ಅವನ ಮುಖ ನೋಡಬೇಕಿತ್ತು.

ನಾವು ಸ್ವಲ್ಪ ತಡವಾಗಿ ಎದ್ದು ಹಿಂದೆ ಹೋದೆವು. ನಾವು ಬರುವಷ್ಟರಲ್ಲಿ ಪೂಜೆ ಅರ್ಧವಾಗಿತ್ತು. ಕಾರಿನ ಹಿಂಭಾಗದಲ್ಲಿ, ಹೆಚ್ಚುವರಿ ಚಕ್ರವನ್ನು ಮುಚ್ಚುವ ಒಂದು ದೊಡ್ಡ ದುಂಡನೆಯ ತಗಡಿನ ಮುಚ್ಚಳವಿತ್ತು. ಅಜ್ಜಿ ಅದರ ನಡುವೆ ಅರಿಸಿನ ಬಳಿದು, ಅಂಗೈಯಗಲ ಕುಂಕುಮ ಇಟ್ಟು, ಹಾರ ಹಾಕಿ ಮಂಗಳಾರತಿ ಬೆಳಗುತ್ತಿದ್ದಳು. ಎರಡು ಹಿಂದಿನ ಚಕ್ರಗಳಿಗೆ, ಬಾಗಿಲ ಕಡೆಗೆ, ನಿಂಬೆಹಣ್ಣು ಇಟ್ಟಾಗಿತ್ತು.

"ಅಮ್ಮಾ!" ಎಂದ ಅಪ್ಪ. "ಅದು ಕಾರಿನ ಹಿಂದು!"

ಅಜ್ಜಿ ಆರತಿ ನಿಲ್ಲಿಸಲಿಲ್ಲ. "ಯಾವುದೋ ಹಿಂದು? ಇಷ್ಟು ದುಂಡಗೆ ಲಕ್ಷಣವಾಗಿ ಮುಖ ಇದೆ."

"ಅದು ಸ್ಟೆಪ್ನಿ ಮುಚ್ಚಳ. ಮುಖ ಆ ಕಡೆ ಗೋಡೆಗಿದೆ."

"ಬಾಗಿಲಿಗೆ ಬೆನ್ನು ಹಾಕ್ಕೊಂಡು ಯಾರಾದ್ರೂ ಕೂತ್ಕೋತಾರೇನೋ?" ಎಂದಳು ಅಜ್ಜಿ, ಕರ್ಪೂರದ ತಟ್ಟೆಯನ್ನು ನಮ್ಮ ಮುಂದೆ ಹಿಡಿದು.

ನಾನು ಇದನ್ನು ಕಾಕಾರಿಗೆ ಹಿಂದಿಯಲ್ಲಿ ಹೇಳಿದೆ. ಅವರು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಕಣ್ಣೊರಸಿಕೊಂಡು, "ಬೆನ್ ಹೇಳಿದ್ದು ಸುಳ್ಳಲ್ಲ" ಎಂದರು. "ನನ್ನ ಅಪ್ಪ ಹೇಳ್ತಿದ್ದರು. ಈ ಕಾರು ಮಾಡುವ ಮೊದಲು ಅಮೆರಿಕದಲ್ಲಿ ಗಾಳಿ ಊದುವ ಒಂದು ಸುರಂಗ ಕಟ್ಟಿ, ಆಗಿನ ಕಾರುಗಳ ಮಾದರಿ ಒಳಗಿಟ್ಟು ನೋಡಿದರಂತೆ. ಮೂಗು ಮುಂದೆ ಮಾಡಿದರೆ ಗಾಳಿ ತಡೆಯುತ್ತೆ. ತಿರುಗಿಸಿ ಬೆನ್ನು ಮುಂದೆ ಮಾಡಿದರೆ ಗಾಳಿ ಸುಮ್ಮನೆ ಜಾರಿ ಹೋಗುತ್ತೆ. ಇಷ್ಟು ದಿನ ನಾವು ಕಾರನ್ನೆಲ್ಲ ಹಿಂದುಮುಂದಾಗಿ ಓಡಿಸ್ತಿದ್ದೀವಲ್ಲ ಅಂತ ಇಂಜಿನಿಯರುಗಳಿಗೇ ಗಾಬರಿಯಾಯ್ತಂತೆ. ಆಮೇಲೆ ಮಾಡಿದ್ದು ಇದನ್ನ. ಜನ ತೊಗೊಳ್ಳಲಿಲ್ಲ, ನಕ್ಕರು. ಕೆಲವೇ ವರ್ಷಕ್ಕೆ ಮಾಡುವುದೇ ನಿಲ್ಲಿಸಿದರು."

ಅಜ್ಜಿಗೆ ಇದು ಎಷ್ಟು ತಿಳಿಯಿತೋ. "ಅದೇ ನಾನೂ ಹೇಳಿದ್ದು" ಎಂದು ತೀರ್ಥ ಕೊಟ್ಟಳು. ಆಮೇಲೆ, "ಸರಿ, ಇನ್ನು ಗಾಡಿ ನಿಂಬೆಹಣ್ಣಿನ ಮೇಲೆ ಹಾಯಲಿ. ಒಂದು ಹೆಜ್ಜೆಯಾದರೂ ಮುಂದೆ ಹೋಗಬೇಕು" ಎಂದಳು.

"ಸ್ಟಾರ್ಟೇ ಆಗಲ್ವಲ್ಲಮ್ಮ. ಮೋಟಾರನ್ನ ನೀನೇ ಮಣೆ ಮೇಲೆ ಕೂರಿಸಿದೀಯ" ಎಂದ ಅಪ್ಪ. ಅವನ ದನಿಯಲ್ಲಿ ಮೊದಲ ಸಲ ಸ್ವಲ್ಪ ಮುನಿಸಿತ್ತು.

"ತಳ್ಳಿ. ಆಯುಧ ಮುಟ್ಟಬಾರ್ದು ಅಂದೆ. ಗಾಡಿ ನಡೀಬಾರ್ದು ಅಂದ್ನಾ?"

ಅಪ್ಪ ಮತ್ತು ಕಾಕಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶೆಡ್ಡಿನ ಬಾಗಿಲಿನಿಂದ ಗೇಟಿನವರೆಗೆ ಅಂಗಳ ಇಳಿಜಾರು. ಗೇಟಿನಾಚೆ ರಸ್ತೆಯೂ ಇಳಿಜಾರು. ಇಳಿಜಾರಿನಲ್ಲಿ ಉರುಳುವ ಗಾಡಿಯನ್ನು ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರೆ ಮೋಟಾರಿಲ್ಲದೆಯೂ ಇಂಜಿನ್ ಹತ್ತಿಕೊಳ್ಳಬಹುದು. ಕಾರು ಬಾಗಿಲಿಗೆ ಬೆನ್ನು ಮಾಡಿದೆ, ಅಂದರೆ ರಿವರ್ಸ್ ಗೇರಿನಲ್ಲಿ ಬಿಡಬೇಕು, ಅಷ್ಟೆ. ಕಾಕಾ ನಿಂತಲ್ಲಿಂದ ಚಿಗರೆಯ ಹಾಗೆ ಜಿಗಿದು ಸ್ಟೇರಿಂಗಿನ ಹಿಂದೆ ಕೂತರು. ಕಮಾವು ಗೇಟು ತೆರೆದು ಬೀದಿಯ ಕಡೆ "ಕಿಬೋಕೊ! ಕಿಬೋಕೊ!" ಎಂದು ಕೂಗಿದ. ಪಕ್ಕದ ಬಟ್ಟೆ ಅಂಗಡಿಯವರು, ಜೋಳ ಸುಡುತ್ತಿದ್ದವನು, ತಿರುವಿನಾಚೆ ನಿಂತಿದ್ದ ಮಟಾಟು ಎಂಬ ಬಾಡಿಗೆ ವ್ಯಾನಿನಿಂದ ಅದರ ಕಂಡಕ್ಟರು, ಎಲ್ಲರೂ ಒಳಗೆ ನುಗ್ಗಿದರು. ಜಾಗ ಸಾಲದೆ ಇಬ್ಬರು ಮೂಗಿನ ಕಡೆಯ ಗೋಡೆಗೆ ಕಾಲು ಕೊಟ್ಟು ತಳ್ಳಿದರು.

"ಸುಕುಮಾ! ಸುಕುಮಾ!" ತಳ್ಳಿ, ತಳ್ಳಿ.

ಚಕ್ರ ನರಳಿತು. ಒಂದು ನಿಂಬೆಹಣ್ಣು ಪಚಕ್ಕೆಂದಿತು, ಇನ್ನೊಂದೂ ಎಂದಿತು. ಅಜ್ಜಿ ಇಟ್ಟ ಕುಂಕುಮದ ಮುಖ ಮುಂದೆ ಮಾಡಿಕೊಂಡು ಕಾರು ಬಿಸಿಲಿಗೆ ಬಂತು. ಅಂಗಳ ದಾಟಿತು, ವೇಗ ಹಿಡಿಯಿತು. ನಾನು ಅಜ್ಜಿಯ ಸೆರಗು ಹಿಡಿದುಕೊಂಡು ನೋಡುತ್ತಿದ್ದೆ. ಕಾಕಾ ಕ್ಲಚ್ಚು ಬಿಟ್ಟರು. ಕಾರು ಎಡವಿದವರ ಹಾಗೆ ಮುಗ್ಗರಿಸಿತು. ಆಮೇಲೆ ಒಂದು ಕೆಮ್ಮು, ಇನ್ನೊಂದು ಕೆಮ್ಮು, ಕಪ್ಪು ಹೊಗೆ, ಅದರೊಳಗಿನಿಂದ ಗುರ್ರ್ ಎಂದು ಒಂದೇ ಸಮನೆ ಸದ್ದು. ಅಪ್ಪ ಅಲ್ಲೇ, ಅಷ್ಟು ಜನರ ಮುಂದೆ, ಕಂಡಕ್ಟರನನ್ನು ತಬ್ಬಿಕೊಂಡ.

"ನೋಡಿದ್ಯಾ, ಮುಂದಕ್ಕೇ ಹೋಯ್ತು" ಎಂದಳು ಅಜ್ಜಿ.

ಆಗ ಅಪ್ಪ ಅವಳ ಎರಡೂ ಕೈ ಹಿಡಿದು ವಿಷಯ ಹೇಳಿದ. ಅಜ್ಜಿ ಒಂದೇ ಮಾತಿಗೆ ಒಲ್ಲೆ ಎಂದಳು. ಹಬ್ಬದ ದಿನ ವಾಂತಿ ಬೇಡವೆಂದಳು. ಕಾಕಾ ಇಳಿದು ಬಂದು ಹಿಂದಿನ ಬಾಗಿಲು ತೆರೆದು ಹಿಡಿದು, ಕೈ ತೋರಿಸಿ, ಗುಜರಾತಿಯಲ್ಲಿ ಏನೋ ಅಂದರು. ಅದರಲ್ಲಿ ಬಾ ಎಂಬ ಮಾತು ಎರಡು ಮೂರು ಸಲ ಬಂತು. ಏನಂದರೆಂದು ನಮಗ್ಯಾರಿಗೂ ತಿಳಿಯಲಿಲ್ಲ, ಅಜ್ಜಿಗೆ ಮಾತ್ರ ಅರ್ಥವಾದ ಹಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದಳು.

ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ. ಒಂದು ಪಕ್ಕ ಸದ್ದು ಕೇಳಿ ಇಳಿದು ಬಂದಿದ್ದ ಅಮ್ಮ, ಒಂದು ಪಕ್ಕ ನಾನು, ಮುಂದೆ ಕಾಕಾರ ಪಕ್ಕ ಅಪ್ಪ. "ಪೋಲೆ ಪೋಲೆ," ಮೆಲ್ಲಗೆ ಮೆಲ್ಲಗೆ, ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಕಾಕಾ ಓಡಿಸಿದರು. ಮ್ಯೂಸಿಯಂ ಗುಡ್ಡದ ತಿರುವು ಬಂತು, ನಾವು ಮೂವರೂ ಅಜ್ಜಿಯ ಗಂಟಲನ್ನೇ ನೋಡುತ್ತಿದ್ದೆವು. ಹಳ್ಳ ಬಂತು, ಕಾರು ಅದರ ಮೇಲೆ ತೇಲಿದ ಹಾಗೆ ಹಾದುಹೋಯಿತು. ಹಿಂದೆ ಬರುತ್ತಿದ್ದವರಿಗೆ ಹಾರ, ಕುಂಕುಮದ ದೊಡ್ಡ ಮುಖವೇ ಕಾಣುತ್ತಿದ್ದದ್ದರಿಂದ ನಾವು ಅವರ ಮೇಲೇ ಬರುತ್ತಿದ್ದೇವೇನೋ ಎನ್ನಿಸಿರಬೇಕು, ಒಂದು ಮಟಾಟು ಉದ್ದಕ್ಕೂ ಹಾರ್ನ್ ಹೊಡೆದುಕೊಂಡೇ ಬಂತು.

"ಇದೇ ಏನೇ ಮಟಾಟು ಅನ್ನೋದು?" ಎಂದಳು ಅಜ್ಜಿ. ಬಾಲ್ಕನಿಯಲ್ಲಿ ಕೂತು ಅಷ್ಟು ದಿನ ತಿರುವಿನಾಚೆಯಿಂದ ಅದರ ಕೂಗು ಮಾತ್ರ ಕೇಳಿದ್ದಳು. ಆಮೇಲೆ ನಿಂಬೆಹಣ್ಣನ್ನು ಮಡಿಲಿಗೆ ಹಾಕಿಕೊಂಡು ಕಿಟಕಿಯ ಗಾಜು ಇಳಿಸಿದಳು. ಎರಡೂ ಕಡೆ ಜಕರಂದಾ. ತಲೆಯ ಮೇಲೆ ಬಾಳೆಗೊನೆ ಹೊತ್ತ ಹೆಂಗಸು ನಮ್ಮ ಕಾರು ನೋಡಿ ನಕ್ಕು ಕೈಬೀಸಿದಳು, ಅಜ್ಜಿಯೂ ಬೀಸಿದಳು. "ಸೀನಾ, ಊರು ಎಷ್ಟು ಚೆನ್ನಾಗಿದೆಯಲ್ಲೋ! ಯಾಕೋ ಹೇಳಲೇ ಇಲ್ಲ ನೀವ್ಯಾರೂ?" ಎಂದಳು. ಅಪ್ಪ ಮುಂದೆ ನೋಡುತ್ತಲೇ ಇದ್ದ, ಹಿಂದಕ್ಕೆ ತಿರುಗಲಿಲ್ಲ.

ಸಿಟಿ ಪಾರ್ಕಿನಲ್ಲಿ ನಿಲ್ಲಿಸಿದೆವು. ಮತ್ತೆ ಸ್ಟಾರ್ಟಾಗುವ ನಂಬಿಕೆಯಿಲ್ಲವೆಂದು ಕಾಕಾ ಇಂಜಿನ್ ಆರಿಸದೆ ಅಲ್ಲೇ ಕೂತರು. ಅಜ್ಜಿ ಇಳಿದು, ಪ್ಲಾಸ್ಟಿಕ್ ಚೀಲಕ್ಕೆ ಅಮ್ಮ ಡಬ್ಬಿಯಲ್ಲಿ ತಂದಿದ್ದ ಕಡಲೆಕಾಳು ಉಸಲಿ ಸುರಿದುಕೊಂಡು, ಕೋತಿಗಳಿಗೆ ಒಂದೊಂದೇ ಹಿಡಿ ಹಂಚಿದಳು. ಸಿಂಹವಲ್ಲ, ಜಿರಾಫೆಯಲ್ಲ, ಬರೀ ಕೋತಿ. ಆದರೆ ನಾನು ಸೋಮವಾರ ಶಾಲೆಯಲ್ಲಿ ತಲೆಯೆತ್ತಿಕೊಂಡು ಓಡಾಡಿದೆ.

ಅದೇ ಸೋಮವಾರ ಬೆಳಗ್ಗೆ, ನಾನು ಶಾಲೆಗೆ ಹೊರಡುವ ಮೊದಲು, ಅಜ್ಜಿ ಮರುಪೂಜೆ ಮಾಡಿ ಮೋಟಾರು ಬಿಟ್ಟುಕೊಟ್ಟಳು. ಅಪ್ಪ ಅದನ್ನು ಕೂರಿಸಿದ. ಮುಥೈಗಾದ ಸಾಹೇಬರು ಬಂದು, ಲಾರಿ ಬೇಡವೆಂದು ವಾಪಸು ಕಳಿಸಿ, ತಾವೇ ಓಡಿಸಿಕೊಂಡು ಹೊರಟರು. ಕಾಕಾ ಅಂಗಳದಲ್ಲಿ ನಿಂತು ಕೈ ಎತ್ತಿದರು, ಎತ್ತಿದ ಕೈ ಇಳಿಸಲು ಮರೆತರು. ಈ ಸಲ ಕಾರು ಎಲ್ಲ ಕಾರುಗಳ ಹಾಗೆ ಮೂಗು ಮುಂದೆ ಮಾಡಿಕೊಂಡು ಹೋಯಿತು. ಹಾಗಾಗಿ ಹಾರದ ಮುಖ ತಿರುವಿನವರೆಗೂ ನಮ್ಮ ಕಡೆಗೇ ಇತ್ತು.

"ಪಾಪ, ನಮ್ಮನ್ನೇ ನೋಡ್ಕೊಂಡು ಹೋಯ್ತು" ಎಂದಳು ಅಜ್ಜಿ. ಬಾಲ್ಕನಿಗೆ ಹೋಗಿ ಅವರೆಕಾಯಿ ಬಿಡಿಸಲು ಕೂತಳು. ದೀಪಾವಳಿಯ ನಂತರ ಅವಳೂ ಹೋದಳು. ಏರ್‌ಪೋರ್ಟಿಗೆ ಹೋಗುವಾಗ ಅಪ್ಪನ ಕಾರಿನಲ್ಲಿ, ಮತ್ತೆ ಮೊಂಬಾಸಾ ರಸ್ತೆಯುದ್ದಕ್ಕೂ, ಪಾಪ. ಆಮೇಲೆ ಅವಳು ಈ ಊರಿಗೆ ಬರಲಿಲ್ಲ. ಮೈಸೂರಿನಲ್ಲಿ ಯಾರು ಕೇಳಿದರೂ "ನಾನು ಆಫ್ರಿಕಾ ಎಲ್ಲಾ ಸುತ್ತಿದೀನಿ" ಎನ್ನುತ್ತಿದ್ದಳಂತೆ, ಕೊನೆಯವರೆಗೂ.

ನಾನೀಗ ಕೆಲಸದ ಮೇಲೆ ಮತ್ತೆ ನೈರೋಬಿಗೆ ಬಂದಿದ್ದೇನೆ. ಎಲ್ಲರಂತೆ ಸೌತ್ ಸಿಯಲ್ಲೇ ಮನೆ. ನ್ಗಾರಾದ ಆ ಅಂಗಳದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಕಾಕಾ ಇಂಗ್ಲೆಂಡಿನಲ್ಲಿದ್ದ ತಮ್ಮ ಮಗಳ ಬಳಿ ಹೋಗಿ ಅಲ್ಲಿಯೇ ತೀರಿಕೊಂಡರು. ನನ್ನ ಮಗಳು ಇಳಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಕಾರಿನಲ್ಲಿ ಕೂತರೆ ಅವಳಿಗೂ ವಾಂತಿ; ಮುತ್ತಜ್ಜಿಯಿಂದ ಬಂದದ್ದು ಅದೊಂದೇ.

ಮೊನ್ನೆ ಜಕರಂದಾ ಹೂವು ಉದುರುತ್ತಿರುವಾಗ ಹಳೆಯ ಕಾರುಗಳ ಪ್ರದರ್ಶನವೊಂದಕ್ಕೆ ಅವಳನ್ನು ಕರೆದುಕೊಂಡು ಹೋದೆ. ಹುಲ್ಲಿನ ಮೇಲೆ ಸಾಲಾಗಿ ನಿಂತ ಕಾರುಗಳ ನಡುವೆ ಅದು ಇತ್ತು. ಕಡುನೀಲಿ ಬಣ್ಣ, ಮುಖ ಕಾಣುವಂಥ ಹೊಳಪು, ಸುತ್ತ ಹಗ್ಗ, ಮುಟ್ಟಬೇಡಿ ಎಂಬ ಬೋರ್ಡು.

ಇಳಾ ಅದನ್ನು ಒಂದು ಸಲ ನೋಡಿ, "ಇಟ್ ಲುಕ್ಸ್ ಲೈಕ್ ಎನಿ ಕಾರ್" ಎಂದಳು.

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಪಾರ್ಕಿಂಗಿನ ಕಡೆ ನೋಡಿದೆ. ಅವಳು ಹೇಳಿದ್ದು ನಿಜ. ಅಲ್ಲಿದ್ದ ಕಾರುಗಳೆಲ್ಲ ಮೂಲೆಯಿಲ್ಲದವು, ದೀಪಗಳನ್ನು ಮೈಯೊಳಗೆ ಹೂತುಕೊಂಡವು, ಸೀಟುಗಳನ್ನು ಚಕ್ರಗಳ ನಡುವೆ ಇಟ್ಟುಕೊಂಡವು. ಕ್ಲಬ್ಬಿನವರು ನಕ್ಕ ಕಾರೇ ಊರ ತುಂಬ ತುಂಬಿದೆ. ಈಗ ಅದನ್ನು ನೋಡಿ ಯಾರೂ ನಗುವುದಿಲ್ಲ, ಕಿಬೋಕೊ ಎಂದು ಕೂಗಿಕೊಂಡು ಓಡಿಬರುವುದೂ ಇಲ್ಲ. ಕೈಗೆ ಪಾಯಸ ಅಂಟಿಸಿಕೊಂಡು ಅದರ ಸೀಟಿನಲ್ಲಿ ಉರುಳಾಡಿದವಳು ನಾನು, ಈಗ ಹಗ್ಗದ ಆಚೆ ನಿಂತಿದ್ದೆ. ಎಲ್ಲಕ್ಕಿಂತ, ಇದನ್ನೆಲ್ಲ ಹೇಳಿದರೆ "ಅದೇ ನಾನೂ ಹೇಳಿದ್ದು" ಎನ್ನುವವಳು ಇಲ್ಲ. ಆ ಮಾತು ಕೇಳಬೇಕೆಂದು ನನಗೆ ಅಲ್ಲಿ ಎಷ್ಟು ಆಸೆಯಾಯಿತೆಂದರೆ ಹೇಳಲಾರೆ.

ಜನರೆಲ್ಲ ಮೂಗಿನ ಕಡೆ ನಿಂತು ಫೋಟೊ ತೆಗೆಯುತ್ತಿದ್ದರು. ನಾನು ಹಿಂದಕ್ಕೆ ಹೋದೆ. ದುಂಡನೆಯ ಮುಚ್ಚಳ ಹಾಗೆಯೇ ಇತ್ತು. ಕಾರಿನ ಈಗಿನ ಯಜಮಾನ, ಆ ಮುಥೈಗಾದ ಸಾಹೇಬರ ಮಗ, ನಾನು ಅಲ್ಲೇ ನಿಂತದ್ದು ನೋಡಿ ಹತ್ತಿರ ಬಂದರು. ತಮ್ಮ ಅಪ್ಪನ ಕಾಲದಲ್ಲಿ ಈ ಮುಚ್ಚಳದ ಮೇಲೆ ಏನೋ ಕೆಂಪು ಕಲೆ ಹಿಡಿದುಬಿಟ್ಟಿತ್ತು, ಎಷ್ಟು ಉಜ್ಜಿದರೂ ಹೋಗದೆ ಕೊನೆಗೆ ಕೆರೆದು ಹೊಸ ಬಣ್ಣ ಹೊಡೆಸಿದೆವು, ಈಗ ಗೊತ್ತೇ ಆಗುವುದಿಲ್ಲ ಅಲ್ಲವೇ ಎಂದು ಹೆಮ್ಮೆಯಿಂದ ಹೇಳಿದರು. ಒಳ್ಳೆಯ ಮನುಷ್ಯ. ಹೌದು, ಗೊತ್ತಾಗುವುದಿಲ್ಲ ಎಂದೆ.

ಅವರು ಅತ್ತ ಹೋದ ಮೇಲೆ ಹಗ್ಗದ ಕೆಳಗಿನಿಂದ ಕೈ ಚಾಚಿ ಮುಚ್ಚಳದ ನಡುವೆ ಅಂಗೈ ಇಟ್ಟೆ. ಬಿಸಿಲಿಗೆ ಬೆಚ್ಚಗಿತ್ತು.

ಇಳಾ ನಾಚಿಕೆಯಿಂದ ನನ್ನ ದುಪಟ್ಟಾ ಎಳೆದಳು. "ಅಮ್ಮಾ! ಆಂಡ್ ದಟ್ಸ್ ದ ಬ್ಯಾಕ್!"

"ಗೊತ್ತು ಕಣೇ," ಎಂದೆ. "ನಮ್ಮ ಮನೇಲಿ ಇದನ್ನ ಮುಂದು ಅಂತಿದ್ವಿ."